ಓಡುವವನ ಕೂಲಿ

ಮಳೆ ಹಿಡಿಯಿತೆಂದರೆ ನಮ್ಮ ಪೇಟೆಯ ಕಾಲ್ಚೆಂಡಾಟಕ್ಕೆ ಕಳೆಯೇರುತ್ತದೆ. ಜೆಪ್ಪು ಮಾರ್ಕೆಟಿನಿಂದ ಹೊರಟು, ಮೋರ್ಗನ್ಸ್‌ಗೇಟು, ಮಂಗಳಾದೇವಿಯ ದಾರಿಯಾಗಿ ನಡೆದು, ಪಾಂಡೇಶ್ವರದ ರೈಲ್ವೆ ಗೇಟು ಮುಚ್ಚಿದ್ದರೆ ಅದು ತೆರೆಯುವ ತನಕ ಕೊಡೆ ಹಿಡಿದು ನಿಂತು, ಸಾಯಂಕಾಲದ ಹೊತ್ತಿಗೆ ನೆಹರೂ ಮೈದಾನವನ್ನು ಸೇರುವ ಪರಿಪಾಠವು ನಮಗೆ ಬಾಲ್ಯದಿಂದ ಬಂದುದು. ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಶಾಲೆಯ ಹುಡುಗರು ಆಡುವ ಪಂದ್ಯಾಟವಾಗಲಿ, ಬಂದರು, ಕುದ್ರೋಳಿ, ಕಸಬಾ ಬೆಂಗ್ರೆ, ಉಳ್ಳಾಲಗಳ ತರುಣರು ಕೂಡಿ ಆಡುವ ಆಟವಾಗಲಿ, ನಾವು ಅದನ್ನು ಬೇಕೆಂದು ತಪ್ಪಿಸಿದ್ದಿಲ್ಲ. ಪತ್ರಿಕೆಯ ಕರಡಚ್ಚು ಮೇಜಿನ ಮೇಲಿರುವಾಗ ಸಂಪಾದಕನಿಗೆ ಇಷ್ಟು ಬಿಡುವು ಎಲ್ಲಿಯದೆಂದು ಕೆಲವರು ನಕ್ಕಿರಬಹುದು. ನಮ್ಮ ಮನೆಯವರದೂ ಇದೇ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಇಂದು ನಾವು ಬರೆಯಹೊರಟಿರುವುದು ಗೆಲವುಸೋಲುಗಳ ವಿಷಯವಲ್ಲ. ಕಳೆದ ಮಳೆಗಾಲದಲ್ಲಿ ಕಣ್ಣೆದುರು ನಡೆದ ಒಂದು ಸಂಗತಿಯು ನಮ್ಮ ಮನಸ್ಸನ್ನು ಬಿಟ್ಟುಹೋಗದಿರುವ ಕಾರಣ, ಅದನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿತು.

ನಮ್ಮ ನೆರೆಕೆರೆಯ ತರುಣನೊಬ್ಬನು ಒಂದು ಪಂದ್ಯಾಟದಲ್ಲಿ ಆಡುತ್ತಿದ್ದನು. ವಯಸ್ಸು ಇಪ್ಪತ್ತಮೂರು. ಹಗಲೂ ರಾತ್ರಿಯೂ ಮೋಟಾರು ಸೈಕಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣಗಳನ್ನು ಮುಟ್ಟಿಸುವುದು ಆತನ ಕಸುಬು. ಮುಟ್ಟಿಸಿದ ಪೊಟ್ಟಣವೊಂದಕ್ಕೆ ಇಷ್ಟೆಂದು ಕೂಲಿ. ಮುಟ್ಟಿಸದಿದ್ದರೆ ಏನೂ ಇಲ್ಲ. ತಂದೆ ಇಲ್ಲ. ತಾಯಿ ಬೀಡಿ ಕಟ್ಟುತ್ತಾರೆ. ತಂಗಿ ಕಾಲೇಜಿಗೆ ಹೋಗುತ್ತಾಳೆ. ಆಟದ ಉತ್ತರಾರ್ಧದಲ್ಲಿ ಚೆಂಡನ್ನು ತಿರುಗಿಸಿಕೊಂಡು ಓಡಹೊರಟವನು, ಯಾರೂ ಮುಟ್ಟದೆಯೇ, ಕೆಸರಿನಲ್ಲಿ ಕುಸಿದು ಬಿದ್ದನು. ಕಾಲಹರಣಕ್ಕಾಗಿ ಮಲಗಿದ್ದಾನೆಂದು ತಿಳಿದು ಪ್ರೇಕ್ಷಕರು ಕೂಗತೊಡಗಿದರು. “ಏಳು, ನಾಟಕ ಬೇಡ” ಎಂದು ಕೂಗಿದವರಲ್ಲಿ ನಾವೂ ಒಬ್ಬರು. ಇದನ್ನು ಮುಚ್ಚಿಟ್ಟು ಇತರರಿಗೆ ಬುದ್ಧಿ ಹೇಳುವುದು ಸರಿಯಲ್ಲವಾದುದರಿಂದ ಮೊದಲೇ ಹೇಳಿಬಿಟ್ಟಿದ್ದೇವೆ.

ಆತನ ಮೊಣಕಾಲಿನ ಒಳಗಣ ಕಟ್ಟು ಹರಿದಿತ್ತು. ಶಸ್ತ್ರಚಿಕಿತ್ಸೆ ಆಗಬೇಕು, ಆ ಮೇಲೆ ಆರರಿಂದ ಒಂಬತ್ತು ತಿಂಗಳವರೆಗೆ ಓಡುವಂತಿಲ್ಲವೆಂದು ವೈದ್ಯರು ಹೇಳಿದರು. ಎಷ್ಟೋ ವಾರಗಳ ತನಕ ಮೋಟಾರು ಸೈಕಲನ್ನೂ ಮುಟ್ಟುವಂತಿರಲಿಲ್ಲ. ಖರ್ಚಿನ ಬಹುಭಾಗವನ್ನು ಗೆಳೆಯರು ಮನೆಮನೆ ತಿರುಗಿ ಕೂಡಿಸಿದರು. ನಾವು ನೋಡಲು ಹೋದಾಗ ತಾಯಿಯು ಬೀಡಿಯ ಗೆರಸಿಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತು, “ಗೆದ್ದಿದ್ದರೆ ಕಪ್ಪು ಕ್ಲಬ್ಬಿಗೆ ಹೋಗುತ್ತಿತ್ತು, ಅಣ್ಣಾ, ಮುರಿದ ಕಾಲು ಮಾತ್ರ ನಮ್ಮ ಮನೆಗೆ ಬಂತು” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸಮಾಧಾನ ಹೇಳುವುದಾದರೂ ಸಾಧ್ಯವಾಗುತ್ತಿತ್ತು.

ಆಟವನ್ನು ಬರಿಯ ವಿನೋದವೆಂದು ತಿಳಿಯುವವರು ಒಂದು ಲೆಕ್ಕವನ್ನು ನೋಡಬೇಕು. ತೊಂಬತ್ತು ನಿಮಿಷಗಳ ಪಂದ್ಯದಲ್ಲಿ ನಡುಕ್ಷೇತ್ರದ ಆಟಗಾರನು ಹತ್ತು ಹನ್ನೊಂದು ಕಿಲೋಮೀಟರು ಓಡುತ್ತಾನೆ. ಎಂದರೆ ಜೆಪ್ಪಿನಿಂದ ಹೊರಟು, ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟಿಗೆ ಹೋಗಿ ತಿರುಗಿ ಬಂದಷ್ಟು ದಾರಿ. ಅದೂ ನೇರ ದಾರಿಯ ಓಟವಲ್ಲ. ನಿಂತು, ತಿರುಗಿ, ಹಾರಿ, ಮತ್ತೆ ಹೊರಡುವ ಓಟ. ಈ ಓಟವನ್ನು ಮುಗಿಸಿ ಸ್ನಾನ ಮಾಡಿ, ಅದೇ ರಾತ್ರಿ ಆ ತರುಣನು ಪೊಟ್ಟಣಗಳನ್ನು ಹೊತ್ತು ಕಂಕನಾಡಿಯಿಂದ ಕೊಟ್ಟಾರದವರೆಗೆ ಓಡಾಡುತ್ತಿದ್ದನು. ಆತನ ದಿನದಲ್ಲಿ ಎರಡು ಓಟಗಳಿದ್ದುವು. ಒಂದಕ್ಕೆ ಚಪ್ಪಾಳೆ, ಒಂದಕ್ಕೆ ಕೂಲಿ. ಮೊದಲನೆಯದರಲ್ಲಿ ಬಿದ್ದುದರಿಂದ ಎರಡನೆಯದೂ ನಿಂತುಹೋಯಿತು. ಚಪ್ಪಾಳೆ ತಟ್ಟಿದ ನಮಗೆ ಈ ಸಂಬಂಧವು ಅದುವರೆಗೆ ಹೊಳೆದಿರಲಿಲ್ಲ.

ಹೊಳೆಯಬೇಕಿತ್ತು, ಏಕೆಂದರೆ ಇಂಥದನ್ನು ನಾವು ಹಿಂದೆಯೂ ಕಂಡವರು. ಜೆಪ್ಪು ಹಂಚಿನ ಊರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ, ಇಲ್ಲಿಯ ಜೇಡಿಮಣ್ಣು ಸುಟ್ಟು ಕೆಂಪಾಗಿ ಹಡಗೇರಿ ದೇಶದೇಶಗಳ ಮಾಡಿನ ಮೇಲೆ ಕುಳಿತಿತು. ಇಂದು ಆ ಚಿಮಣಿಗಳಲ್ಲಿ ಹೆಚ್ಚಿನವು ತಣ್ಣಗಾಗಿವೆ. ನಮ್ಮ ಬಾಲ್ಯದಲ್ಲಿ ಅನೇಕವು ಹೊಗೆಯಾಡುತ್ತಿದ್ದುವು. ಆದಿತ್ಯವಾರ ಬಂತೆಂದರೆ ಭಟ್ಟಿಯ ಕೆಲಸದವರು ಬರಿಗಾಲಿನಲ್ಲಿ ಚೆಂಡಾಡುತ್ತಿದ್ದರು. ನಮ್ಮ ತಂದೆಯವರು ಗುಮಾಸ್ತಿಕೆ ಮಾಡುತ್ತಿದ್ದ ಕಾರ್ಖಾನೆಯೊಂದರ ತಂಡದಲ್ಲಿ ಗಟ್ಟಿಮುಟ್ಟಾದ ಆಳೊಬ್ಬನಿದ್ದನು. ದಿನಗೂಲಿಯವನು, ಖಾಯಂ ಹಾಜರಿ ಪುಸ್ತಕದಲ್ಲಿ ಆತನ ಹೆಸರಿರಲಿಲ್ಲ. ಒಂದು ಆದಿತ್ಯವಾರ ಆತನ ಪಾದದ ಎಲುಬು ಮುರಿಯಿತು. ಚೆಂಡನ್ನು ಕೊಡಿಸಿದವರು ಯಜಮಾನರೇ, ಗೆದ್ದಾಗ ಮಿಠಾಯಿ ಹಂಚಿದವರೂ ಅವರೇ. ಆದರೆ ಸೋಮವಾರದಿಂದ ಆರು ವಾರ ಆತನಿಗೆ ಕೂಲಿಯಿಲ್ಲ. ಆತನ ಹೆಂಡತಿಯು ಅದೇ ಅಂಗಳದಲ್ಲಿ ಹಸಿ ಹಂಚು ಹೊರುವುದಕ್ಕೆ ಬಂದಳು. ಹೊಟ್ಟೆಯಲ್ಲಿ ಕೂಸಿತ್ತು. ತಂದೆಯವರು ಮನೆಗೆ ಬಂದು ಇದನ್ನು ಹೇಳಿ ಊಟಕ್ಕೆ ಕುಳಿತು ಸುಮ್ಮನೆ ಎದ್ದುಹೋದದ್ದು ನಮಗೆ ನೆನಪಿದೆ. ನಲ್ವತ್ತು ವರ್ಷಗಳ ಮೇಲೆ ಹಂಚು ಹೋಗಿ ಊಟದ ಪೊಟ್ಟಣ ಬಂದಿದೆ. ಭಟ್ಟಿ ಹೋಗಿ ಮೊಬೈಲ್ ಫೋನು ಬಂದಿದೆ. ಬಿದ್ದವನ ಮನೆಯ ಸ್ಥಿತಿ ಮಾತ್ರ ಬದಲಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಆಟವು ಪ್ರೀತಿಯಿಂದ ಆಡತಕ್ಕದ್ದು, ಅದಕ್ಕೆ ಹಣದ ಸೋಂಕು ತಗಲಿದರೆ ಕೆಡುತ್ತದೆ ಎಂಬುದು. ದೊಡ್ಡವರೂ ಇದನ್ನು ಹೇಳುವುದುಂಟು. ಆದರೆ ಆಟ ಹುಟ್ಟಿದ ನಾಡಿನಲ್ಲಿಯೇ ಈ ವಾದವು ಯಾರ ಬಾಯಿಂದ ಬಂತೆಂಬುದನ್ನು ಗಮನಿಸಬೇಕು. 1850ರ ಕಾರ್ಖಾನೆ ಕಾನೂನಿನಿಂದ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಹಾಗೂ ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸಬೇಕಾಯಿತು. ಅವರೊಂದಿಗೆ ಗಿರಣಿಯೂ ನಿಂತಿತು. ಶನಿವಾರ ಅಪರಾಹ್ನದ ಕಾಲ್ಚೆಂಡು ಬೆಳೆದುದು ಆ ಬಿಡುವಿನಲ್ಲಿ. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ, ನೇಕಾರರೂ ಕುಶಲಕರ್ಮಿಗಳೂ ಕೂಡಿದ ತಂಡವು, ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಸಿರಿವಂತರ ತಂಡವನ್ನು ದೇಶದ ಮುಖ್ಯ ಕಪ್ಪಿನ ಅಂತಿಮ ಪಂದ್ಯದಲ್ಲಿ 2-1ರಿಂದ ಸೋಲಿಸಿತು. ಪಂದ್ಯಕ್ಕೆ ಮೊದಲು ಆ ಕೆಲಸಗಾರರು ಸಮುದ್ರತೀರದಲ್ಲಿ ಉಳಿದು ಅಭ್ಯಾಸ ಮಾಡುವ ಖರ್ಚನ್ನು ಊರಿನ ಕಬ್ಬಿಣದ ಕಾರ್ಖಾನೆಯ ಒಡೆಯನೊಬ್ಬನು ವಹಿಸಿದ್ದನು. ಇದು ಅನ್ಯಾಯವೆಂದು ಸಿರಿವಂತರು ದೂರಿದರು. ಆದರೆ ಎರಡೇ ವರ್ಷಗಳ ಮೇಲೆ, 1885ರಲ್ಲಿ, ಆಟಗಾರನಿಗೆ ಸಂಬಳ ಕೊಡುವುದು ನಿಯಮಬದ್ಧವೆಂದು ಅಲ್ಲಿಯ ಸಂಘವೇ ಒಪ್ಪಬೇಕಾಯಿತು. ಮನೆಯ ಒಲೆಯ ಚಿಂತೆ ಇಲ್ಲದವನಿಗೆ ಆಟವನ್ನು ಪ್ರೀತಿಗಾಗಿಯೇ ಆಡುವುದು ಸುಲಭ. ಒಲೆಯ ಚಿಂತೆ ಇರುವವನ ಪ್ರೀತಿ ಅದಕ್ಕಿಂತ ಕಡಿಮೆಯದೆಂದು ಹೇಳಲು ನಮಗೆ ಅಧಿಕಾರವಿಲ್ಲ.

ನಮ್ಮ ಜಿಲ್ಲೆಯ ರೂಢಿಯನ್ನಾದರೂ ನೋಡೋಣ. ಯಕ್ಷಗಾನ ಮೇಳದ ಭಾಗವತರಿಗೂ ವೇಷಧಾರಿಗಳಿಗೂ ತಿರುಗಾಟದ ಸಂಬಳವುಂಟು. ಅದರಿಂದ ದೇವರ ಹರಕೆಯಾಟಕ್ಕೆ ಕುಂದು ಬಂತೆಂದು ಯಾರೂ ಹೇಳಿದ್ದಿಲ್ಲ. ಜೆಪ್ಪಿನಮೊಗರಿನ ಜಯ-ವಿಜಯ ಜೋಡುಕರೆ ಕಂಬಳವನ್ನು ನೋಡಿದವರು ಬಲ್ಲರು: ಕೋಣಗಳ ಯಜಮಾನನು ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ಹಚ್ಚಿ ತಿಕ್ಕಿಸಿ, ಕೋಣಗಳನ್ನು ಮಕ್ಕಳಂತೆ ಸಾಕುತ್ತಾನೆ, ಓಡಿಸುವವನಿಗೂ ಸಂಭಾವನೆ ಕೊಡುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ದೇಶವೆಲ್ಲ ಬೆರಗಾಯಿತು. ಸರಕಾರವು ಅವರನ್ನು ಕರೆದು ಮೂರು ಲಕ್ಷ ರೂಪಾಯಿಗಳ ಬಹುಮಾನವಿತ್ತು ಸನ್ಮಾನಿಸಿತು. ಅದು ಯೋಗ್ಯವೇ. ಆದರೆ ಆ ಓಟಗಾರರು ಅದುವರೆಗೂ ಕಟ್ಟಡದ ಕೆಲಸದಿಂದ ಜೀವಿಸಿದವರೆಂಬ ಮಾತನ್ನು ಪತ್ರಿಕೆಗಳು ಒಂದು ಸೋಜಿಗವೆಂಬಂತೆ ಬರೆದುವು. ನಮ್ಮ ಓಟಗಾರರೂ ಆಟಗಾರರೂ ಬಹುಮಟ್ಟಿಗೆ ಮೈ ಮುರಿದು ದುಡಿಯುವ ಮನೆಗಳಿಂದಲೇ ಬಂದವರು. ಇದರಲ್ಲಿ ಸೋಜಿಗವೇನೂ ಇಲ್ಲ.

ಹಿಂದೆ ನಮ್ಮ ರಾಜ್ಯದಲ್ಲಿ ಇದಕ್ಕೊಂದು ಪರಿಹಾರವಿತ್ತು. 1948ರಲ್ಲಿ ಸ್ವತಂತ್ರ ಭಾರತದ ತಂಡವು ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿ ಫ್ರಾನ್ಸಿನೆದುರು 1-2ರಿಂದ ಸೋತಾಗ, ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1946-47ರಿಂದ 1968-69ರ ವರೆಗೆ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ನೌಕರಿಯನ್ನೇ ಕೊಟ್ಟುವು. ಬೆಳಿಗ್ಗೆ ಅಭ್ಯಾಸ, ಹಗಲು ಕೆಲಸ, ತಿಂಗಳ ಕೊನೆಗೆ ಸಂಬಳ. ಕಾಲು ಮುರಿದರೂ ಮನೆಯ ಒಲೆ ಉರಿಯುತ್ತಿತ್ತು. 2010-11, 2011-12ರ ಋತುಗಳಲ್ಲಿಯೂ ಎಚ್.ಎ.ಎಲ್. ತಂಡವು ದೇಶದ ಮೊದಲನೆಯ ದರ್ಜೆಯ ಲೀಗಿನಲ್ಲಿ ಆಡಿತು. ಆ ದಾರಿ ಈಗ ಬಹಳ ಕಿರಿದಾಗಿದೆ. ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿ ರಾಷ್ಟ್ರೀಕರಣಗೊಂಡ ನಾಲ್ಕು ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿಯೂ ಕಾರ್ಪೊರೇಶನ್, ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿಯೂ ಇತರ ಬ್ಯಾಂಕುಗಳೊಳಗೆ ಸೇರಿಹೋದುವು. ಕೆನರಾ ಒಂದೇ ಹೆಸರುಳಿಸಿಕೊಂಡಿದೆ. ಆಡುವ ಹುಡುಗನಿಗೆ ಗುಮಾಸ್ತಿಕೆ ಸಿಕ್ಕೀತೆಂಬ ತಾಯ್ತಂದೆಗಳ ಆಸೆಗೆ ಇದ್ದ ಬಾಗಿಲುಗಳೂ ಹೀಗೆ ಕಡಿಮೆಯಾದುವು. 2023ರ ಮಾರ್ಚಿಯಲ್ಲಿ ಕರ್ನಾಟಕ ತಂಡವು ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಾಗ ನಾವೂ ಹಿಗ್ಗಿದೆವು. ಹಿಗ್ಗಿದ ಮರುದಿನ ಆ ಹುಡುಗರ ಸಂಬಳದ ಮಾತನ್ನು ಕೇಳುವುದಕ್ಕೆ ನಮಗೂ ನೆನಪಾಗಲಿಲ್ಲ.

ಸಂಬಳಕ್ಕಾಗಿಯೇ ಆಡುವವರ ಸ್ಥಿತಿಯಾದರೂ ಭದ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ದೇಶದ ದೊಡ್ಡ ಲೀಗನ್ನು ನಡೆಸುವ ಹಕ್ಕಿನ ಬಗ್ಗೆ 2010ರಲ್ಲಿ ಆದ ಹದಿನೈದು ವರ್ಷಗಳ ಕರಾರು ಮುಗಿಯುತ್ತ ಬಂದು, ಮುಂದಿನ ಋತು ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯ ಉಂಟಾದಾಗ, 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿತು. ಅದು ಎರಡು ಸಲ ಐ-ಲೀಗನ್ನೂ, 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದ ಕ್ಲಬ್ಬು. ಅಲ್ಲಿಯೇ ಹೀಗಾದರೆ, ಬರಿಯ ಬಾಡಿಗೆಯ ಜೆರ್ಸಿ ತೊಟ್ಟು ಆಡುವ ಜೆಪ್ಪಿನ ಹುಡುಗನ ಪಾಡನ್ನು ವಿವರಿಸಬೇಕಾದುದಿಲ್ಲ.

ಕಾನೂನು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 1948ರ ಕಾನೂನಿನಿಂದ ಬಂದ ಇ.ಎಸ್.ಐ. ವ್ಯವಸ್ಥೆಯೊಳಗಿರುವ ಕಾರ್ಮಿಕನಿಗೆ, ವೈದ್ಯರ ಸರ್ಟಿಫಿಕೇಟಿನ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು ಸಿಗುತ್ತದೆ. ನಮ್ಮ ತರುಣನು ಯಾರ ನೌಕರನೂ ಅಲ್ಲವಾದುದರಿಂದ ಅವನಿಗೆ ಅದಿಲ್ಲ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮೆಯು ಒಳ್ಳೆಯದೇ. ಆದರೆ ಅದು ಸಾವಿಗೂ ಶಾಶ್ವತವಾದ ಅಂಗವೈಕಲ್ಯಕ್ಕೂ ಹೊರತು, ಹರಿದ ಮೊಣಕಾಲಿಗೂ ನಿಂತ ಕೂಲಿಗೂ ಅಲ್ಲ. ಫೋನಿನ ಮೂಲಕ ಕೆಲಸ ಪಡೆಯುವ ಇಂಥವರಿಗಾಗಿ ನಮ್ಮ ರಾಜ್ಯವು 2025ರಲ್ಲಿ ಒಂದು ಕಾನೂನನ್ನು ಮಾಡಿ, ಅವರಿಗೆ ಸಲ್ಲುವ ಹಣದ ಮೇಲೆ ಕಂಪೆನಿಗಳಿಂದ ನೂರಕ್ಕೆ 1ರಿಂದ 5ರ ವರೆಗೆ ಶುಲ್ಕವೆತ್ತಿ ಕಲ್ಯಾಣನಿಧಿಯನ್ನು ಕೂಡಿಸಲು ಹೊರಟಿದೆ. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಆದಿತ್ಯವಾರ ಮೈದಾನದಲ್ಲಿ ಬಿದ್ದವನು ಕೆಲಸದಲ್ಲಿ ಬಿದ್ದವನಲ್ಲ. ಅವನು ಬಿದ್ದದ್ದು ನಮ್ಮ ಸಂತೋಷಕ್ಕಾಗಿ. ಆದುದರಿಂದ ಆ ಹೊರೆಯಲ್ಲಿ ನಮ್ಮದೊಂದು ಪಾಲಿದೆ.

ಪ್ರೇಕ್ಷಕರಾದ ನಮ್ಮ ಪಾಲನ್ನು ನಾವು ಸಲ್ಲಿಸುತ್ತಿದ್ದೇವೆಯೆ? ನಮ್ಮ ಮನೆಯ ಲೆಕ್ಕವನ್ನೇ ತೆರೆದಿಡುತ್ತೇವೆ. ಸಮುದ್ರದಾಚೆಯ ಕ್ಲಬ್ಬೊಂದರ ಹೆಸರಿನ ಅಂಗಿಯನ್ನು ಮಗನಿಗೆ ಕೊಡಿಸಿದ್ದೇವೆ. ಆ ಆಟಗಳನ್ನು ನಡುರಾತ್ರಿಯವರೆಗೆ ನೋಡುವುದಕ್ಕೆ ತಿಂಗಳು ತಿಂಗಳು ಹಣ ಕಟ್ಟುತ್ತೇವೆ. ಮಗನು ಗೆಳೆಯರೊಡನೆ ಗಂಟೆಗೆ ಇಷ್ಟೆಂದು ಬಾಡಿಗೆ ತೆತ್ತು ವಿದ್ಯುದ್ದೀಪದ ಕೆಳಗೆ ಕೃತಕ ಹುಲ್ಲಿನ ಮೇಲೆ ಆಡುತ್ತಾನೆ. ಆದರೆ ನೆಹರೂ ಮೈದಾನದ ಬೇಲಿಯ ಬದಿಯಲ್ಲಿ ನಿಂತು ಒಂದು ಆಯುಷ್ಯವೆಲ್ಲ ಆಟ ನೋಡಿದ ನಾವು, ಆ ಆಟಗಾರರಿಗಾಗಿ ಕೈಯೆತ್ತಿ ಕೊಟ್ಟದ್ದು ಎಷ್ಟು? ಲೆಕ್ಕ ಹಾಕಿದರೆ ಕಡಲೆಯವನಿಗೆ ಕೊಟ್ಟಷ್ಟೂ ಆಗದು. ಇದು ನಮ್ಮೊಬ್ಬರ ಕಥೆಯಲ್ಲವೆಂದು ನಂಬುತ್ತೇವೆ.

ಆದಕಾರಣ ನಾವು ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಪಂದ್ಯಾಟಗಳನ್ನು ನಡೆಸುವವರು ಆಳೆತ್ತರದ ಟ್ರೋಫಿಗೂ ವೇದಿಕೆಯ ಹೂಮಾಲೆಗಳಿಗೂ ಹಣ ತೆಗೆದಿಡುವ ಮೊದಲು, ಗಾಯಗೊಂಡವರ ನಿಧಿಯೊಂದಕ್ಕೆ ತೆಗೆದಿಡಲಿ. ಹದಿನಾರು ತಂಡಗಳು, ತಂಡಕ್ಕೆ ಹದಿನೈದು ಮಂದಿ ಎಂದು ಇಟ್ಟುಕೊಂಡರೆ 240 ಆಟಗಾರರು. ತಲೆಗೆ ನೂರು ರೂಪಾಯಿಯಂತೆ ಕ್ಲಬ್ಬುಗಳಿಂದ 24,000 ಬರುತ್ತದೆ. ದಿನಕ್ಕೆ 500 ಜನ ಪ್ರೇಕ್ಷಕರು ಹತ್ತು ಹತ್ತು ರೂಪಾಯಿ ಹಾಕಿದರೆ ಹತ್ತು ದಿನಗಳಲ್ಲಿ 50,000 ಕೂಡುತ್ತದೆ. ಒಂದು ಪಂದ್ಯಾಟದಿಂದಲೇ ಮುಕ್ಕಾಲು ಲಕ್ಷದಷ್ಟಾಯಿತು. ಇದರಿಂದ ಎಲ್ಲರಿಗೂ ಅಪಘಾತದ ವಿಮೆ ಮಾಡಿಸಬಹುದು. ಬಿದ್ದವನ ಮನೆಗೆ ಮೊದಲ ಕೆಲವು ವಾರಗಳ ಅಕ್ಕಿಬೇಳೆಯನ್ನಾದರೂ ಮುಟ್ಟಿಸಬಹುದು. ಲೆಕ್ಕವನ್ನು ಜಿಲ್ಲಾ ಸಂಘದವರೂ ಊರಿನ ಇಬ್ಬರು ನಂಬುಗೆಯ ಗೃಹಸ್ಥರೂ ಕೂಡಿ ಇಟ್ಟು, ವರ್ಷಕ್ಕೊಮ್ಮೆ ಪ್ರಕಟಿಸತಕ್ಕದ್ದು. ನಮ್ಮ ಪತ್ರಿಕೆಯು ಅದಕ್ಕೆ ಬೇಕಾದ ಜಾಗವನ್ನು ಹಣ ಕೇಳದೆ ಕೊಡುವುದು.

ಅಂಗಡಿ, ಕಾರ್ಖಾನೆ, ಕಚೇರಿಗಳ ಯಜಮಾನರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ತಮ್ಮಲ್ಲಿ ದುಡಿಯುವವನು ಊರಿನ ಪರವಾಗಿ ಆಡುವ ದಿನ ಅರ್ಧ ದಿನದ ರಜೆಯನ್ನು ಸಂಬಳ ಕಡಿಯದೆ ಕೊಡಿರಿ. ಮಹಾನಗರಪಾಲಿಕೆಯವರಲ್ಲಿಯೂ ಒಂದು ಮಾತಿದೆ. ನಮ್ಮ ನೆರೆಯ ಎಮ್ಮೆಕೆರೆಯಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳವು ತೆರೆದಾಗ ನಾವು ಸಂತೋಷಪಟ್ಟೆವು. ನೀರಿಗೆ ಇಷ್ಟು ಖರ್ಚು ಮಾಡಬಲ್ಲ ನಗರವು ಚೆಂಡಾಡುವ ನೆಲವನ್ನೂ ಸಮ ಮಾಡಿಸಿ, ನೀರು ಹರಿದುಹೋಗುವಂತೆ ಚರಂಡಿ ತೋಡಿಸಿ, ಹುಲ್ಲು ಬೆಳೆಸುವುದು ಅಸಾಧ್ಯವಲ್ಲ. ಮೊಣಕಾಲುಗಳಲ್ಲಿ ಎಷ್ಟನ್ನೋ ನೆಲವೇ ಮುರಿಯುತ್ತದೆ. ಪೊಲೀಸು ಇಲಾಖೆಯಲ್ಲಿ ಕ್ರೀಡಾಪಟುಗಳಿಗೆ ಸ್ಥಾನಗಳನ್ನು ಮೀಸಲಿಟ್ಟಿರುವ ಸರಕಾರವನ್ನು ನಾವು ಮೆಚ್ಚುತ್ತೇವೆ. ಆದರೆ ಪದಕದವರೆಗೆ ತಲಪಿದವರು ಕೆಲವರು. ಅಲ್ಲಿಯವರೆಗೆ ಓಡುತ್ತ ದಾರಿಯಲ್ಲಿ ಬಿದ್ದವರು ಅನೇಕರು. ನಮ್ಮ ಕೋರಿಕೆಯಿರುವುದು ಆ ಅನೇಕರ ಬಗ್ಗೆ.

ಆ ತರುಣನು ಈಗ ನಡೆಯುತ್ತಾನೆ. ಬೆಳಗಿನ ಹೊತ್ತು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಗುಜ್ಜರಕೆರೆಯ ಸುತ್ತ ನಿಧಾನವಾಗಿ ಸುತ್ತು ಹಾಕುವುದನ್ನು ನಾವು ಕಂಡಿದ್ದೇವೆ. ಪೊಟ್ಟಣಗಳ ಕೆಲಸಕ್ಕೆ ಮರಳಿದ್ದಾನೆ; ಸಾಲ ಇನ್ನೂ ತೀರಿಲ್ಲ. ಮೊನ್ನೆ ಎದುರಾದಾಗ, ಬರುವ ಮಳೆಗೆ ಆಡುವೆಯಾ ಎಂದು ನಾವು ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಅವನೇ, “ಅಮ್ಮ ಒಪ್ಪುವುದಿಲ್ಲ, ಸರ್” ಎಂದನು. ಆ ತಾಯಿ ಒಪ್ಪಬೇಕೆಂದು ಕೇಳುವ ಹಕ್ಕು ನಮಗೆ ಬರಬೇಕಾದರೆ, ಇನ್ನೊಮ್ಮೆ ಮಗನು ಬಿದ್ದರೆ ಮನೆಯನ್ನು ನೋಡಿಕೊಳ್ಳುವವರು ಯಾರೆಂಬ ಆಕೆಯ ಪ್ರಶ್ನೆಗೆ ಮೊದಲು ನಮ್ಮಲ್ಲಿ ಉತ್ತರವಿರಬೇಕು. ಮಳೆಗೆ ಇನ್ನೂ ಸಮಯವಿದೆ. ಈ ವಿಷಯದಲ್ಲಿ ಆಸಕ್ತಿಯುಳ್ಳ ಕ್ಲಬ್ಬಿನವರೂ ಅಧಿಕಾರಿಗಳೂ ವರ್ತಕರೂ ಮುಂದೆ ಬಂದು ಒಂದು ಸಂಜೆ ಕೂಡಿ ಕುಳಿತರೆ, ನಿಧಿಗೆ ಮೊದಲ ಕಾಣಿಕೆಯನ್ನು ಸಲ್ಲಿಸುವುದಕ್ಕೆ ನಾವು ಸಿದ್ಧರಿದ್ದೇವೆ. ಅಂದು ಮೈದಾನದಲ್ಲಿ ಕೂಗಿದ ಕೂಗಿಗೆ ಅಷ್ಟಾದರೂ ದಂಡ ತೆರುವುದು ನಮಗೆ ಸಲ್ಲತಕ್ಕದ್ದೇ ಸರಿ.